ಬಣ್ಣದ ಮುಖ ಹೊರಗೆ

ಬಟ್ಟೆ ಒಣಗಹಾಕುವಾಗ ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಳ್ಳುವುದು ನನ್ನ ರೂಢಿ. ಹಾಗಾಗಿ ಕೆಳಗೆ ಬೀದಿಯಲ್ಲಿ ವ್ಯಾನಿನ ಹಾರ್ನು ಬಡಿದುಕೊಂಡಾಗ ತಕ್ಷಣ ಏನೂ ಕೂಗಲಾಗಲಿಲ್ಲ. ಮೈದುನ ವ್ಯಾನಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ನಮ್ಮ ಮೂರನೆಯ ಮಹಡಿಯ ಕಡೆ ನೋಡುತ್ತಿದ್ದ.

“ಅತ್ತಿಗೇ, ಇವತ್ತೇ ಸಾಗಿಸ್ಬಿಡೋಣ! ಭಾನುವಾರ ವ್ಯಾನು ಸಿಗಲ್ಲ. ಅದರ ಯಜಮಾನರ ಮಗಳ ಮನೆಗೆ ಸೋಫಾ ಹೋಗ್ಬೇಕಂತೆ.”

ಕ್ಲಿಪ್ಪು ತೆಗೆದು, “ದೊಡ್ಡ ಚಿತ್ರ ಇನ್ನೂ ಬಿಚ್ಚೇ ಇಲ್ವಲ್ಲೋ,” ಎಂದೆ.

“ಬಿಚ್ಚೋದೇನಿದೆ? ಮಂಚ ಎತ್ಕೊಂಡು ಹೋದ ಹಾಗೆ ಹೋಗೋದಪ್ಪ.”

“ಬಾಗಿಲು ನೋಡಿ ಆಮೇಲೆ ಮಾತಾಡು. ಮೇಲೆ ಬಾ ಮೊದ್ಲು.”

ಅರ್ಧ ಬಟ್ಟೆ ಹಗ್ಗದ ಮೇಲೆ, ಅರ್ಧ ಬಕೆಟಿನಲ್ಲಿ. ಹಗ್ಗದ ಮೇಲಿನದನ್ನೂ ತೆಗೆದು ಬಕೆಟಿಗೇ ತುರುಕಿದೆ. ಒದ್ದೆ ಬಟ್ಟೆಯ ಜೊತೆ ಹೊಸ ಮನೆಗೆ ಹೋದವರು ಇದ್ದಾರೋ ಇಲ್ಲವೋ, ನಾವಂತೂ ಹೋದೆವು.

ಮನೆ ಬದಲಾಯಿಸುತ್ತಿದ್ದುದು ಮೆಟ್ಟಿಲಿನ ದೆಸೆಯಿಂದ. ನನ್ನ ಗಂಡನಿಗೆ ಬಲಗಡೆ ಲಕ್ವ ಹೊಡೆದ ಮೇಲೆ ಕೋಲು ಹಿಡಿದು ಮನೆಯೊಳಗೆ ಓಡಾಡುವಷ್ಟು ಚೇತರಿಸಿಕೊಂಡಿದ್ದರು. ಮೂರು ಮಹಡಿ ಹತ್ತಿಳಿಯುವುದು ಮಾತ್ರ ಆಗುತ್ತಿರಲಿಲ್ಲ. ಆಸ್ಪತ್ರೆಗೆ ಹೋಗುವಾಗಲೆಲ್ಲ ಕುರ್ಚಿಯಲ್ಲಿ ಕೂರಿಸಿ ಇಳಿಸಬೇಕು. ಹೊಸ ಮನೆ ನೆಲಮಹಡಿಯದು. ಬೀರು, ಮಂಚ, ಪಾತ್ರೆಪಡಗ ಎಲ್ಲ ಆಗಲೇ ಅಲ್ಲಿಗೆ ಹೋಗಿದ್ದವು. ಇಲ್ಲಿ ಉಳಿದಿದ್ದುದು ಒಂದು ಸ್ಟೌವು, ಹಾಸಿಗೆ, ನಾವು ಮೂವರು, ಮತ್ತೆ ಇವರು ಬರೆದ ಚಿತ್ರಗಳು.

ಸಣ್ಣ ಚಿತ್ರಗಳದೇನೂ ತೊಂದರೆಯಿರಲಿಲ್ಲ. ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಮಾಡಿ, ನಡುವೆ ರಟ್ಟು ಇಟ್ಟು, ಹಳೆಯ ದುಪ್ಪಟಿಯಲ್ಲಿ ಸುತ್ತಿ ಗೋಡೆಗೆ ನಿಲ್ಲಿಸಿದ್ದೆ. ತೊಂದರೆ ಕೊಟ್ಟಿದ್ದು ದೊಡ್ಡದು. ಅದರ ಚೌಕಟ್ಟನ್ನು ಇವರು ಕೋಣೆಯೊಳಗೇ ಕುಳಿತು ತಾವೇ ಮಾಡಿ, ಅಲ್ಲಿಯೇ ಕ್ಯಾನ್ವಾಸು ಬಿಗಿದು, ಅಲ್ಲಿಯೇ ಬರೆಯಲು ಶುರು ಮಾಡಿದ್ದರು. ಬಾಗಿಲಿಗಿಂತ ದೊಡ್ಡದು. ಹೇಗೆ ಹೊರಗೆ ಒಯ್ಯುತ್ತೀರಿ ಎಂದು ಆಗಲೇ ಕೇಳಿದ್ದೆ. “ಮದುವೆ ಆದ್ಮೇಲೆ ತಾನೇ ಮಗಳು ಹೊರಗೆ ಹೋಗೋದು, ಆಗ ನೋಡ್ಕೊಳ್ಳೋಣ,” ಅಂದಿದ್ದರು.

ಚಿತ್ರದಲ್ಲಿರುವುದೂ ಮಗಳೇ. ಎಲ್ಲದರಲ್ಲೂ ಮೂಗು ತೂರಿಸುತ್ತಾಳೆಂದು ಅವಳನ್ನು ಇವರು ಸುಂಡಿಲಿ ಎನ್ನುತ್ತಾರೆ. ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಸುಂಡಿಲಿ ಗಲ್ಲಕ್ಕೆ ಕೈಯಾನಿಸಿ ಕುಳಿತಿದ್ದಾಳೆ. ಮುಖ ಆಗಿದೆ, ಫ್ರಾಕು ಆಗಿದೆ, ಹಿಂದಿನ ಸುಣ್ಣ ಉದುರಿದ ಗೋಡೆ ಆಗಿದೆ. ಮೊಣಕಾಲಿನ ಕೆಳಗೆ ಬಣ್ಣವಿಲ್ಲ. ಎರಡು ಕಾಲು, ಎರಡು ಮೆಟ್ಟಿಲು ಬರೀ ಇದ್ದಿಲ ಗೆರೆಯಲ್ಲಿವೆ. ಅಷ್ಟಾಗಿದ್ದಾಗ ಇವರು ಬಿದ್ದರು.

ಆಮೇಲೆ ಆ ಕೋಣೆಯ ಬಾಗಿಲು ಯಾರೂ ಹಾಕಿದ್ದಲ್ಲ, ಆದರೂ ಮುಚ್ಚಿಯೇ ಇತ್ತು. ವ್ಯಾಯಾಮ ಮಾಡಿಸಲು ಬರುವ ಹುಡುಗಿ ಇವರ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾಳೆ. ಅವು ನಿಧಾನವಾಗಿ ಮತ್ತೆ ಮಡಚಿಕೊಳ್ಳುತ್ತವೆ. ನೋಡಲು ಬಂದವರು “ಎಲ್ಲ ಸರಿಹೋಗುತ್ತೆ ಬಿಡಿ” ಎಂದು ಕಾಫಿ ಕುಡಿದು ಹೋಗುತ್ತಾರೆ. ನಾನೂ ಅದನ್ನೇ ಹೇಳುತ್ತಿದ್ದೆ. ಮಗಳು ಒಂದು ಸಲ ಅಡುಗೆಮನೆಯಲ್ಲಿ ನನ್ನ ಸೆರಗು ಹಿಡಿದು, “ಅಪ್ಪನ ಕೈ...” ಎಂದು ಬಾಯಿ ತೆರೆದಾಗ, “ಅಪ್ಪನ ಹತ್ರ ಕೈ ವಿಷಯ ಎತ್ತಬಾರ್ದು, ಅವರಿಗೆ ನೋವಾಗುತ್ತೆ” ಎಂದಿದ್ದೆ. ದಿನಕ್ಕೆ ನೂರು ಪ್ರಶ್ನೆ ಕೇಳುವ ಹುಡುಗಿ, ಅಂದಿನಿಂದ ಆ ಒಂದನ್ನು ಬಿಟ್ಟು ಉಳಿದ ತೊಂಬತ್ತೊಂಬತ್ತನ್ನೂ ಕೇಳುತ್ತಿದ್ದಳು.

ಮೈದುನ ಮೇಲೆ ಬಂದು ಕೋಣೆಯ ಬಾಗಿಲನ್ನೂ ಚಿತ್ರವನ್ನೂ ಒಮ್ಮೆ ನೋಡಿ ತಲೆ ಕೆರೆದುಕೊಂಡ. “ಅಣ್ಣಾ, ಇದನ್ನ ಬಾಟಲಿಯೊಳಗೆ ಹಡಗು ಮಾಡ್ತಾರಲ್ಲ, ಹಾಗೆ ಮಾಡಿದ್ದೀಯ.”

ಇವರು ಹಜಾರದ ಕುರ್ಚಿಯಲ್ಲಿ ಕುಳಿತಿದ್ದರು. ತಿರುಗಿ ನೋಡಲಿಲ್ಲ. “ಅದು ಇಲ್ಲೇ ಇರ್ಲಿ ಬಿಡು. ಮನೆ ಮಾಲೀಕರು ಏನಾದ್ರೂ ಮಾಡ್ಕೊಳ್ತಾರೆ.”

“ಮಗೂದು ಚಿತ್ರ ರೀ!”

“ಅರ್ಧ ಮಗೂದು. ಮುಗೀದೇ ಇರೋದನ್ನ ಎತ್ಕೊಂಡು ಹೋಗಿ ಎಲ್ಲಿ ಇಡ್ತೀಯ? ಪೂರ್ತಿ ಮಗು ಮನೇಲೇ ಓಡಾಡ್ತಿದ್ಯಲ್ಲ.”

ತಮಾಷೆಯಾಗಿಯೇ ಹೇಳಿದ್ದರು. ಆದರೆ ಸುಂಡಿಲಿ ನನ್ನ ಮುಖ ನೋಡಿದಳು, ಬಾಯಿ ತುಸು ತೆರೆಯಿತು. ನಾನು ಕಣ್ಣಲ್ಲೇ ಬೇಡ ಎಂದೆ. ಬಾಯಿ ಮುಚ್ಚಿಕೊಂಡಿತು. ಅದನ್ನು ಬಿಟ್ಟು ಹೋದರೆ ಇವರು ಇನ್ನು ಬರೆಯುವುದಿಲ್ಲವೆಂದು ನಾನೇ ಒಪ್ಪಿಕೊಂಡ ಹಾಗೆ ಎಂದು ನನಗೆ ಅನ್ನಿಸಿತು. ತೆಗೆದುಕೊಂಡು ಹೋದರೆ ಏನಾಗುತ್ತದೆ ಎನ್ನುವುದೂ ಗೊತ್ತಿರಲಿಲ್ಲ. “ನಾನು ಬಿಚ್ತೀನಿ,” ಎಂದು ಸ್ಕ್ರೂಡ್ರೈವರು ಹುಡುಕಿದೆ.

ಇವರ ಜೊತೆ ಇಷ್ಟು ವರ್ಷ ಬಾಳಿದ್ದಕ್ಕೆ ಕ್ಯಾನ್ವಾಸು ಬಿಚ್ಚುವುದನ್ನು ನೋಡಿ ಗೊತ್ತಿತ್ತು; ಕೈಯಾರೆ ಮಾಡಿರಲಿಲ್ಲ. ಚಿತ್ರವನ್ನು ಗೋಡೆಗೆ ಒರಗಿಸಿ, ಪಕ್ಕದಲ್ಲಿ ಹೊಡೆದ ಪಿನ್ನುಗಳ ಅಡಿಗೆ ಸ್ಕ್ರೂಡ್ರೈವರಿನ ಚಪ್ಪಟೆ ತುದಿ ತೂರಿಸಿ ಎಬ್ಬಿಸುವುದು, ಇಕ್ಕಳದಿಂದ ಕೀಳುವುದು. ಬಟ್ಟೆ ಹರಿಯಬಾರದು, ಅವಸರ ಮಾಡಬಾರದು. ಕಿತ್ತ ಪಿನ್ನುಗಳನ್ನು ಸುಂಡಿಲಿ ಡಬ್ಬಿಯ ಮುಚ್ಚಳದಲ್ಲಿ ಹಿಡಿಯುತ್ತಿದ್ದಳು.

“ಅಮ್ಮ, ಪಿನ್ನು ಕಿತ್ರೆ ಚಿತ್ರಕ್ಕೆ ಗೊತ್ತಾಗುತ್ತಾ?”

“ನಿನ್ನ ಜಡೆ ಬಿಚ್ಚಿದ್ರೆ ನಿಂಗೆ ಗೊತ್ತಾಗಲ್ವಾ, ಹಾಗೆ.”

“ನಂಗೆ ಹಾಯೆನಿಸುತ್ತೆ.”

“ಅದಕ್ಕೂ ಹಾಗೇ.”

ಮೈದುನನಿಗೆ ಪುರಸೊತ್ತಿರಲಿಲ್ಲ. ಮೇಲಿನ ಅಂಚು ಬಿಟ್ಟುಕೊಂಡ ಕೂಡಲೇ, “ಅತ್ತಿಗೆ, ಸರೀರಿ, ನಾನು ಹಿಡ್ಕೋತೀನಿ” ಎಂದು ಚಿತ್ರದ ಕೆಳಭಾಗಕ್ಕೆ ಅಂಗೈ ಊರಲು ಹೋದ.

“ಲೋ! ಕೈ ತೆಗಿ!”

ಹಜಾರದಿಂದ ಬಂದ ಆ ದನಿಗೆ ನಾವು ಮೂವರೂ ಬೆಚ್ಚಿದೆವು. ಅಷ್ಟು ಜೋರು ದನಿ ಕೇಳಿ ತಿಂಗಳುಗಳೇ ಆಗಿದ್ದವು. ಇವರು ಕುರ್ಚಿಯನ್ನು ಅರ್ಧ ತಿರುಗಿಸಿಕೊಂಡು, ತೆರೆದ ಬಾಗಿಲಿನಿಂದ ಎಲ್ಲವನ್ನೂ ನೋಡುತ್ತಿದ್ದರೆಂದು ಆಗಲೇ ಗೊತ್ತಾಗಿದ್ದು.

“ಅದು ಇದ್ದಿಲು ಕಣೋ. ಬಣ್ಣ ಅಲ್ಲ. ನಿನ್ನ ಅಂಗೈ ತಾಗಿದ್ರೆ ಕಾಲು ಅಳಿಸಿ ಹೋಗುತ್ತೆ. ಇವಳೇ, ಗೆರೆ ಹಿಡಿದು ನಿಲ್ಲಿಸೋ ಸ್ಪ್ರೇ ಡಬ್ಬಿ ಮೇಜಿನ ಖಾನೆಯಲ್ಲಿರ್ಬೇಕು, ನೋಡು.”

ನೋಡಿದೆ. ಅಲ್ಲಾಡಿಸಿದೆ. ಒಳಗಿನ ಗೋಲಿ ಗಲಗಲ ಎಂದಿತು, ಮೂತಿಯಿಂದ ಬರೀ ಗಾಳಿ ಬಂತು.

“ಹಾಗಾದ್ರೆ ಬಟರ್ ಪೇಪರು. ಇದ್ದಿಲ ಮೇಲೆ ಹಾಸು. ಹಾಸಿದ್ಮೇಲೆ ಜರುಗಿಸಬೇಡ. ಒತ್ತಿದ್ರೆ ಪರವಾಗಿಲ್ಲ, ಉಜ್ಜಬಾರ್ದು.” ಸ್ವಲ್ಪ ತಡೆದು, “ಈಗಲೇ ಸುತ್ತಬೇಡಿ. ಬೆಳಗಿನ ತಂಪಿಗೆ ಬಣ್ಣ ಬಿಗಿದುಕೊಂಡಿರುತ್ತೆ, ಬಗ್ಗಿಸಿದ್ರೆ ಬಿರಿಯುತ್ತೆ. ಕೋಣೆಗೆ ಬಿಸಿಲು ಬರ್ಲಿ,” ಎಂದರು.

“ಇಲ್ಲೇ ಇರ್ಲಿ ಬಿಡು ಅಂದ್ಯಲ್ಲಣ್ಣ?” ಎಂದ ಮೈದುನ, ಮುಸಿಮುಸಿ ನಗುತ್ತ.

“ಬಿಡೋದಾದ್ರೂ ನೆಟ್ಟಗೆ ಬಿಡ್ಬೇಕು. ಹಾಳು ಮಾಡಿ ಬಿಡೋದಲ್ಲ.”

ಬಿಸಿಲು ಬರುವವರೆಗೆ ನಾನು ಎಲ್ಲರಿಗೂ ಕಾಫಿ ಮಾಡಿದೆ. ಆಮೇಲೆ ಚೌಕಟ್ಟಿನ ಮೂಲೆಗಳಲ್ಲಿ ತುರುಕಿದ್ದ ಮರದ ಬೆಣೆಗಳನ್ನು ಕಿತ್ತು, ನಾಲ್ಕು ಪಟ್ಟಿಗಳನ್ನು ಬಿಡಿಸಿಟ್ಟೆವು. ಯಾವ ಪಟ್ಟಿ ಯಾವ ಕಡೆಯದು ಎಂದು ತಿಳಿಯಲು ನಾನು ಒಂದೊಂದರ ಮೇಲೂ ಸುಂಡಿಲಿಯ ಸೀಮೆಸುಣ್ಣದಲ್ಲಿ ಅಂಕಿ ಬರೆದು ಬಾಣದ ಗುರುತು ಹಾಕಿದೆ. ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡೆ.

ಸುತ್ತಲು ಮೈದುನ ತಂದಿದ್ದು ಪರದೆಯ ಸರಳು.

“ಅದಕ್ಕೆ ಪರದೆ ಹಾಕು,” ಎಂದರು ಇವರು. “ದಪ್ಪ ಪೈಪು ಬೇಕು. ಸಣ್ಣದಕ್ಕೆ ಸುತ್ತಿದ್ರೆ ಬಣ್ಣ ಒಡೆಯುತ್ತೆ. ಚರಂಡಿಗೆ ಹಾಕ್ತಾರಲ್ಲ, ಆ ಗಾತ್ರದ್ದು.”

ಕೆಳಗಿನ ಬೀದಿಯಲ್ಲಿ ನಲ್ಲಿ ಸಾಮಾನಿನ ಅಂಗಡಿಯಿದೆ. ಮೈದುನ ಹೋಗಿ ಒಂದು ಹೊಸ ಪೈಪನ್ನು ಹೆಗಲ ಮೇಲೆ ಹೊತ್ತು ತಂದ. ಅದರ ಮೇಲೆ ಹಳೆಯ ಪಂಚೆಯೊಂದನ್ನು ಸುತ್ತಿ ಮೆತ್ತಗೆ ಮಾಡಿದೆವು. ಕ್ಯಾನ್ವಾಸನ್ನು ನೆಲದ ಮೇಲೆ ಹಾಸಿದ್ದಾಯಿತು. ಮೈದುನ ಅದರ ಒಂದು ತುದಿಗೆ ಪೈಪಿಟ್ಟು, ಚಾಪೆ ಸುತ್ತುವ ಹಾಗೆ, ಚಿತ್ರ ಒಳಗೆ ಹೋಗುವಂತೆ ಸುತ್ತಲು ಬಗ್ಗಿದ. ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆ. ರೇಷ್ಮೆ ಸೀರೆಯ ಜರಿ ಒಳಗಿಟ್ಟು ಮಡಚುವುದು ಅಭ್ಯಾಸವಲ್ಲವೇ.

“ಬಣ್ಣದ ಮುಖ ಹೊರಗೆ!” ಇವರು ಕೋಲೂರಿಕೊಂಡು ಬಾಗಿಲಿಗೇ ಬಂದಿದ್ದರು. “ಒಳಗಾದ್ರೆ ಬಣ್ಣ ಒಂದಕ್ಕೊಂದು ಒತ್ತಿಕೊಂಡು ಸುಕ್ಕಾಗುತ್ತೆ. ಹೊರಗಿದ್ರೆ ಒಂಚೂರು ಹಿಗ್ಗುತ್ತೆ ಅಷ್ಟೆ. ಬಿಡಿಸಿದ್ಮೇಲೆ ತನ್ನ ಜಾಗಕ್ಕೆ ಬಂದು ಕೂತ್ಕೊಳುತ್ತೆ.”

“ಹೊರಗಿದ್ರೆ ಪೆಟ್ಟು ಬೀಳಲ್ವಾ ಅಪ್ಪ?” ಸುಂಡಿಲಿ ಕೇಳಿದಳು.

“ಬೀಳುತ್ತೆ. ಅದಕ್ಕೇ ಮೇಲೆ ಹೊದೆಸ್ತೀವಿ. ಪೆಟ್ಟು ಬೀಳುತ್ತೆ ಅಂತ ಒಳಗೇ ಸುತ್ತಿಟ್ರೆ ಒಳಗೇ ಒಡೆಯುತ್ತೆ.”

ಕ್ಯಾನ್ವಾಸನ್ನು ಮಗುಚಬೇಕಾಗಿತ್ತು. ಬಟರ್ ಪೇಪರನ್ನು ಅಂಚುಗಳಿಗೆ ಟೇಪಿನಿಂದ ಹಿಡಿಸಿ, ಇಬ್ಬರೂ ಎರಡು ತುದಿ ಹಿಡಿದು, ಉಸಿರು ಬಿಗಿಹಿಡಿದು ಮಗುಚಿದೆವು. ಸಡಿಲವೂ ಅಲ್ಲ ಬಿಗಿಯೂ ಅಲ್ಲ ಎನ್ನುವ ಹಾಗೆ ಸುತ್ತಿ, ಮೇಲೆ ಕಾಗದ, ಅದರ ಮೇಲೆ ಹೊದಿಕೆ, ಅದರ ಮೇಲೆ ಪ್ಲಾಸ್ಟಿಕ್ಕು. ಪ್ಲಾಸ್ಟಿಕ್ಕು ಬಣ್ಣಕ್ಕೆ ತಾಗಬಾರದೆಂದು ಇವರು ಹೇಳಿದರು, ಮೈದುನ ಹೂಂ ಎಂದ, ಇವರು ಮತ್ತೆ ಹೇಳಿದರು.

“ಗೊತ್ತಾಯ್ತು ಮೇಷ್ಟ್ರೇ,” ಎಂದ ಮೈದುನ.

ಪೈಪು ಕ್ಯಾನ್ವಾಸಿಗಿಂತ ಉದ್ದವಿದ್ದುದು ಒಳ್ಳೆಯದಾಯಿತು. ವ್ಯಾನಿನಲ್ಲಿ ಅದರ ಎರಡು ತುದಿಗಳ ಕೆಳಗೆ ಎರಡು ದಿಂಬು ಕೊಟ್ಟು, ಚಿತ್ರ ಯಾವುದಕ್ಕೂ ತಾಗದೆ ನಡುವೆ ತೂಗುವಂತೆ ಮಲಗಿಸಿ, ಹಗ್ಗದಿಂದ ಕಟ್ಟಿದೆವು. ಆಮೇಲೆ ಇವರ ಸರದಿ. ಮೈದುನ ಮತ್ತು ನಲ್ಲಿ ಅಂಗಡಿಯವರು ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಎರಡನೆಯ ಮಹಡಿಯ ತಿರುವಿನಲ್ಲಿ ಕುರ್ಚಿ ಸಿಕ್ಕಿಹಾಕಿಕೊಂಡಾಗ, “ನನ್ನನ್ನೂ ಒಂದು ಪೈಪಿಗೆ ಸುತ್ತಿದ್ರೆ ಸುಲಭ ಆಗ್ತಿತ್ತು,” ಎಂದರು.

“ಸುತ್ತಬಹುದಿತ್ತು, ಆದ್ರೆ ನಿನ್ನ ಮುಖ ಒಳಗಿದ್ರೇ ಒಳ್ಳೇದು,” ಎಂದ ಮೈದುನ, ಏದುಸಿರು ಬಿಡುತ್ತ.

ಹೊಸ ಮನೆಯಲ್ಲಿ ಸುಣ್ಣಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಮೈದುನ ಎಲ್ಲ ಇಳಿಸಿಕೊಟ್ಟು ವ್ಯಾನು ತಿರುಗಿಸಿಕೊಂಡು ಹೋದ. ನಾನು ಮೊದಲು ಬಟ್ಟೆ ಒಣಗಹಾಕಿದೆ. ಆಮೇಲೆ ವ್ಯಾನಿನಿಂದ ಇಳಿಸಿದ ಸಾಮಾನನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿ ಒರೆಸಿ ಒಳಗಿಟ್ಟೆ. ಹಳೆಯ ಮನೆಯ ಧೂಳು ಹೊಸ ಮನೆಗೆ ಬೇಡವೆಂದು. ಊಟ ಆಯಿತು.

“ಸುತ್ತಿದ್ದನ್ನ ಹಾಗೇ ಬಿಡಬಾರ್ದು,” ಎಂದರು ಇವರು, ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯದ ಹಾಗೆ. “ಎಷ್ಟು ಬೇಗ ಬಿಡಿಸಿದ್ರೆ ಅಷ್ಟು ಒಳ್ಳೇದು.”

“ಬಿಡಿಸೋಣ. ಕಟ್ಟೋದು?”

“ಕಟ್ಟೋದಾದ್ರೆ ಕಟ್ಟು. ನಾನೇನು ಬೇಡ ಅಂದ್ನಾ?”

ಬೆಳಿಗ್ಗೆ ಅಂದಿದ್ದರು. ನಾನು ನೆನಪಿಸಲಿಲ್ಲ.

ನೆಲದ ಮೇಲೆ ದುಪ್ಪಟಿ ಹಾಸಿ ಕ್ಯಾನ್ವಾಸನ್ನು ಬಿಡಿಸಿ, ಬಟರ್ ಪೇಪರು ಇದ್ದ ಹಾಗೇ ಇರಲಿ ಎಂದು ಬಿಟ್ಟೆವು. ಚೌಕಟ್ಟು ಕೂಡಿಸಲು ಪಟ್ಟಿಗಳನ್ನು ತಂದೆ. ಕೈಯಲ್ಲಿ ತಿರುಗಿಸಿ ನೋಡಿದೆ. ಇನ್ನೊಂದು ನೋಡಿದೆ. ನಾಲ್ಕೂ ತೊಳೆದ ತಟ್ಟೆಯ ಹಾಗೆ ಸ್ವಚ್ಛವಾಗಿದ್ದವು.

“ಗುರುತು ಹಾಕಿದ್ದೆಯಲ್ಲ?” ಎಂದರು ಇವರು.

“ಹಾಕಿದ್ದೆ.”

“ಮತ್ತೆ?”

“ಒರೆಸ್ದೆ.”

“ಯಾಕೆ?”

“ಧೂಳಿತ್ತು.”

ಇವರು ನನ್ನನ್ನು ನೋಡಿದರು. ಎಡಗಡೆಯ ತುಟಿ ಮೊದಲು ನಕ್ಕಿತು. ಬಲಗಡೆಯದು ತಡವಾಗಿ, ಸ್ವಲ್ಪವೇ ಸೇರಿಕೊಂಡಿತು. “ನೀನು ಚಿತ್ರವನ್ನೇ ಒರೆಸದೇ ಇದ್ದದ್ದು ನನ್ನ ಪುಣ್ಯ.” ಸುಂಡಿಲಿ ನೆಲದ ಮೇಲೆ ಉರುಳಾಡಿ ನಕ್ಕಳು.

ನಗುವಿನ ವಿಷಯವಂತೂ ಅಲ್ಲ. ಅಂಗಡಿಯ ಪಟ್ಟಿಗಳಾಗಿದ್ದರೆ ಯಾವುದನ್ನು ಎಲ್ಲಿ ಕೂಡಿಸಿದರೂ ನಡೆಯುತ್ತಿತ್ತು. ಇವು ಇವರೇ ಉಳಿಯಲ್ಲಿ ಕೆತ್ತಿ, ಆ ಮೂಲೆಗೆ ಆ ಪಟ್ಟಿಯೇ ಎಂದು ಹೊಂದಿಸಿದಂಥವು. ನಾನು ಅಂದಾಜಿನ ಮೇಲೆ ಕೂಡಿಸಿ, ಎರಡು ಸ್ಟೂಲುಗಳ ಮೇಲೆ ಇಟ್ಟೆ. ಒಂದು ಮೂಲೆ ಮೇಲಕ್ಕೆದ್ದು ನಿಂತಿತು. ಒತ್ತಿದರೆ ಎದುರಿನದು ಎದ್ದಿತು.

ಇವರು ಕುರ್ಚಿಯಿಂದ ಎದ್ದರು. ಕೋಲನ್ನು ಗೋಡೆಗೆ ಒರಗಿಸಿ, ಸ್ಟೂಲಿಗೆ ತೊಡೆ ಆನಿಸಿ ನಿಂತು, ಎಡಗೈ ಹೆಬ್ಬೆರಳನ್ನು ಪಟ್ಟಿಯ ತುದಿಯಲ್ಲಿ ಆಡಿಸಿದರು. ಕಣ್ಣು ಬೇರೆಲ್ಲೋ ಇತ್ತು. “ಇದು ಕೆಳಗಿನದು. ಇಲ್ಲಿ ಗಂಟಿದೆ, ಉಳಿ ಜಾರಿತ್ತು. ಇದನ್ನ ತಿರುಗಿಸು... ಈ ಕಡೆಗಲ್ಲ. ಹಾಂ. ಅದನ್ನ ಬಲಕ್ಕೆ ಹಾಕು.” ಪಟ್ಟಿಗಳು ಮಾತು ಕೇಳಿದವರ ಹಾಗೆ ಕೂಡಿಕೊಂಡವು. ಮೂಲೆಯಿಂದ ಮೂಲೆಗೆ ನೂಲು ಹಿಡಿದು ನೋಡಿದೆವು. ಸುಂಡಿಲಿ ಒಂದು ತುದಿ, ನಾನೊಂದು ತುದಿ. ಎರಡು ಕಡೆಯೂ ನೂಲು ಅಷ್ಟೇ ಬಂತು.

ಕ್ಯಾನ್ವಾಸನ್ನು ಮಾಮೂಲಿಯಾಗಿ ಬೋರಲು ಹಾಕಿ ಕಟ್ಟುತ್ತಾರೆ. ಹಾಗೆ ಮಾಡಿದರೆ ಇದ್ದಿಲು ನೆಲಕ್ಕೆ ಹೋಗುತ್ತದೆಂದು ಇದನ್ನು ಮುಖ ಮೇಲೆ ಮಾಡಿಯೇ ಚೌಕಟ್ಟಿನ ಮೇಲೆ ಹೊದೆಸಿದೆವು. ಪಕ್ಕದಲ್ಲಿ ಹಳೆಯ ಪಿನ್ನಿನ ತೂತುಗಳಿದ್ದವು. ಅವು ಪಟ್ಟಿಯ ಅಂಚಿಗೆ ಸರಿಯಾಗಿ ಕೂತರೆ ಚಿತ್ರವೂ ಸರಿಯಾಗಿ ಕೂತಂತೆ. ಅಗಲ ಬಾಯಿಯ ಇಕ್ಕಳವನ್ನು ನಾನು ಹಿಡಿದು ಎಳೆದೆ. ಬಟ್ಟೆ ಜಾರಿತು. ಮತ್ತೆ ಎಳೆದೆ. ಪಿನ್ನು ಹೊಡೆಯಲು ಇನ್ನೊಂದು ಕೈ ಸಾಲಲಿಲ್ಲ.

“ಕೊಡು ಇಲ್ಲಿ,” ಎಂದರು.

ಎಡಗೈಯಲ್ಲಿ ಇಕ್ಕಳ ಹಿಡಿದು, ಮೊಣಕೈಯನ್ನು ಚೌಕಟ್ಟಿಗೆ ಒತ್ತಿ, ಮಣಿಕಟ್ಟು ಕೆಳಕ್ಕೆ ಬಗ್ಗಿಸಿದರು. ಬಟ್ಟೆ ಬಿಗಿಯಿತು. “ಹೊಡಿ.” ಹೊಡೆದೆ. “ಈಗ ಎದುರುಗಡೆ.” ಪ್ರತಿ ಬದಿಯ ನಡುವಿನಿಂದ ಶುರು ಮಾಡಿ, ಒಂದು ಕಡೆ ಎಳೆದರೆ ಅದರ ಎದುರು ಕಡೆಯೂ ಎಳೆದು, ಹೀಗೆ ಮೂಲೆಗಳ ಕಡೆಗೆ ಹೋಗಬೇಕು. ಇವರು ಸುತ್ತ ನಡೆಯಲಾರರು. ಅದಕ್ಕೆ ನಾನೂ ಸುಂಡಿಲಿಯೂ ಪ್ರತಿ ಸಲ ಚೌಕಟ್ಟನ್ನೇ ಸ್ಟೂಲಿನ ಮೇಲೆ ತಿರುಗಿಸುತ್ತಿದ್ದೆವು. ಇವರ ಬಲಗೈ ಪಟ್ಟಿಯ ಮೇಲೆ ಸುಮ್ಮನೆ ಕುಳಿತಿತ್ತು. ಅದರ ಭಾರಕ್ಕೆ ಚೌಕಟ್ಟು ಅಲ್ಲಾಡುತ್ತಿರಲಿಲ್ಲ.

“ಮೆಲ್ಲಗೆ ಎಳೀರಿ, ಹರಿದೀತು,” ಎಂದೆ.

“ಯಾರಿಗೆ ಹೇಳಿಕೊಡ್ತಿದ್ದೀಯ?”

“ಪಟ್ಟಿ ಒರೆಸೋದು ನನ್ನಿಂದ ಕಲೀಬಹುದು ನೀವು.”

ಮೂಲೆಯ ಬಟ್ಟೆಯನ್ನು ಮಡಚುವುದು ಸುಂಡಿಲಿಗೆ ಗೊತ್ತಿತ್ತು. “ಪುಸ್ತಕಕ್ಕೆ ಬೈಂಡು ಹಾಕೋ ಹಾಗೆ!” ಎಂದು ನನಗಿಂತ ಚೊಕ್ಕಟವಾಗಿ ಮಡಚಿದಳು. ಕೊನೆಗೆ ಚಿತ್ರವನ್ನು ಗೋಡೆಗೆ ನಿಲ್ಲಿಸಿ, ಹಿಂದಿನಿಂದ ಬೆಣೆಗಳನ್ನು ತುರುಕಿ, ಸಣ್ಣ ಸುತ್ತಿಗೆಯಿಂದ ಹಗುರಾಗಿ ತಟ್ಟಿದೆ. ಸಡಿಲವಿದ್ದ ಒಂದೆರಡು ಅಲೆಗಳೂ ಹೋದವು. ಇವರು ಅಂಚಿನ ಹತ್ತಿರ ಬೆರಳ ಗಂಟಿನಿಂದ ಬಡಿದು ಕೇಳಿದರು. ಡೊಳ್ಳಿನ ಸಣ್ಣ ದನಿ ಬಂತು. “ಸಾಕು,” ಎಂದರು.

ಆಮೇಲೆ ಬಟರ್ ಪೇಪರು ಬಿಡಿಸಿದೆ. ಮುಖ, ಫ್ರಾಕು, ಗೋಡೆ, ಎಲ್ಲ ಇದ್ದ ಹಾಗೇ ಇದ್ದವು, ಒಂದು ಬಿರುಕಿಲ್ಲ. ಕೆಳಗೆ ಮೆಟ್ಟಿಲಿನ ಗೆರೆಗಳಿದ್ದವು. ಒಂದು ಕಾಲಿತ್ತು. ಇನ್ನೊಂದು ಕಾಲಿನ ಪಾದ ಮಾತ್ರ ಕಾಗದಕ್ಕೆ ಹೋಗಿತ್ತು. ನಾವೇ ಎಲ್ಲಿಯೋ ಜರುಗಿಸಿದ್ದೆವು. ಕಾಗದವನ್ನು ಬೆಳಕಿಗೆ ಹಿಡಿದರೆ ಐದು ಬೆರಳೂ ಕಾಣುತ್ತಿದ್ದವು, ತಿರುಗುಮುರುಗಾಗಿ. ಕ್ಯಾನ್ವಾಸಿನ ಮೇಲೆ ಬೂದಿ ಸವರಿದ ಹಾಗೆ ಒಂದು ಕಲೆ.

ಇವರು ಕುರ್ಚಿಗೆ ಹಿಂತಿರುಗಿ ಕುಳಿತರು. “ಹೋಗ್ಲಿ ಬಿಡು. ಅದೇನು ದೊಡ್ಡ ವಿಷಯ,” ಎಂದು ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ನನ್ನ ಬಾಯಿಗೆ ‘ಎಲ್ಲ ಸರಿಹೋಗುತ್ತೆ’ ಎನ್ನುವ ಮಾತೇ ಬಂತು. ಹೇಳಲಾಗಲಿಲ್ಲ. ಕಾಗದವನ್ನು ಮಡಚಲೋ ಬೇಡವೋ ಎಂದು ಹಿಡಿದು ನಿಂತಿದ್ದೆ.

ಸುಂಡಿಲಿ ಚಪ್ಪಲಿ ಬಿಟ್ಟು, ಚಿತ್ರದ ಮುಂದೆ ತನ್ನ ಪಾದವನ್ನಿಟ್ಟು ಅಳೆದು ನೋಡಿದಳು. ಉಳಿದಿದ್ದ ಪಾದಕ್ಕಿಂತ ಅವಳ ಪಾದ ಈಗ ಉದ್ದವಾಗಿತ್ತು. ಅಲ್ಲಿಂದ ಅಪ್ಪನ ಕಡೆ ತಿರುಗಿದಳು, ಆಮೇಲೆ ನನ್ನ ಕಡೆ. ಬೆಳಿಗ್ಗೆ ನೋಡಿದ ಅದೇ ನೋಟ; ಬಾಯಿ ಅದೇ ಹಾಗೆ ತುಸು ತೆರೆದಿತ್ತು.

ನಾನು ಈ ಸಲ ಕಣ್ಣಲ್ಲಿ ಬೇಡ ಎನ್ನಲಿಲ್ಲ. ತಲೆ ಅಲ್ಲಾಡಿಸಲಿಲ್ಲ. ನೆಲದ ಮೇಲೆ ಬಿದ್ದಿದ್ದ ಪಿನ್ನುಗಳನ್ನು ಹೆಕ್ಕಲು ಬಗ್ಗಿದೆ.

ಅವಳು ಅಪ್ಪನ ಕುರ್ಚಿಯ ಹತ್ತಿರ ಹೋಗಿ, ಮಡಿಲಲ್ಲಿದ್ದ ಆ ಕೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡಳು.

“ಅಪ್ಪ, ಈ ಕೈಯಲ್ಲಿ ನೀನು ಇನ್ಮೇಲೆ ಚಿತ್ರ ಬರೆಯೋದೇ ಇಲ್ವಾ?”